ನಾಲ್ಕು ಬಿಲ್ಲೆ ಹೆಚ್ಚು

ನಿಮಗೆ ಮಾತ್ರ ಹೇಳುತ್ತೇನೆ, ನಮ್ಮ ಹೆಡ್‌ಮಾಸ್ಟರ ಕಿವಿಗೆ ಬೀಳಬಾರದು: ಗಣಿತದಲ್ಲಿ ಒಂದೇ ಒಂದು ತಪ್ಪಿಗೆ ನಾನು ಅರ್ಧ ಅಂಕ ಕೊಟ್ಟುಬಿಡುತ್ತೇನೆ. ಮಿಕ್ಕ ತಪ್ಪುಗಳ ವಿಷಯದಲ್ಲಿ ನಾನು ಮಹಾ ಜಿಪುಣಿ. ಬೇಕಾದರೆ ಭಾರತೀನಗರದ ಮಕ್ಕಳನ್ನು ಕೇಳಿ ನೋಡಿ.

ಆರನೇ ತರಗತಿಯ ಪಾಠ ಅದು. ನಡುವೆ ಒಂದು ಕೆಂಪು ಟೈಲ್ಸು ಬಿಲ್ಲೆ, ಅದರ ಸುತ್ತ ಬಿಳಿಯವು, ಅದರಾಚೆ ಇನ್ನೊಂದು ಸುತ್ತು. ಹೀಗೆ ಬೆಳೆಯುತ್ತ ಹೋದರೆ ಹತ್ತನೇ ಸುತ್ತಿಗೆ ಎಷ್ಟು ಬೇಕು ಎಂದು ಕಂಡುಹಿಡಿಯಬೇಕು. ಮೊದಲ ಸುತ್ತಿಗೆ ಎಂಟು, ಎರಡನೆಯದಕ್ಕೆ ಹದಿನಾರು. ಮಕ್ಕಳು ಮಾತ್ರ ಒಂದು ಬದಿಗೆ ಐದು, ನಾಲ್ಕು ಬದಿಗೆ ಇಪ್ಪತ್ತು ಎಂದು ಬರೆದು, ಜಗತ್ತು ಗೆದ್ದವರ ಹಾಗೆ ಪೆನ್ನಿಗೆ ಕ್ಯಾಪು ಹಾಕುತ್ತಾರೆ. ನಾನು ಕೆಂಪು ಪೆನ್ನು ಹಿಡಿದುಕೊಂಡೇ ಮನಸ್ಸಿನಲ್ಲಿ ನಾನು ಹುಟ್ಟಿ ಬೆಳೆದ ಕಿರುಗಾವಲಿಗೆ ಹೋಗಿಬಿಡುತ್ತೇನೆ.

ಅಲ್ಲಿ ನಮ್ಮ ಪಕ್ಕದ ಮನೆ ಶಬಾನಾಳದು. ಅವಳಪ್ಪ ನೆಲ ಹಾಕುವ ಮೇಸ್ತ್ರಿ. ನಮ್ಮ ಜಗುಲಿಗೆ ಇದೇ ವಿನ್ಯಾಸ ಹಾಕುತ್ತಿದ್ದಾಗ, ಎರಡನೇ ಸುತ್ತಿಗೆ ಎಷ್ಟು ಬಿಳಿ ತರಲಿ ಎಂದು ನಮ್ಮಿಬ್ಬರನ್ನು ಕೇಳಿದರು. ಲೆಕ್ಕದಲ್ಲಿ ಜಾಣೆ ಎಂದು ಹೆಸರಾದವಳು ನಾನು. ಇಪ್ಪತ್ತು ಎಂದೆ.

"ಮೂಲೆದು ಎರಡ್ ಕಡೆಗೂ ಸೇರ್ತದೆ ಕಣೇ," ಅಂದಳು ಶಬಾನಾ ಮೆಲ್ಲಗೆ. "ಎರಡ್ ಸಲ ಎಣಿಸ್ಬ್ಯಾಡ."

ನಾನು ಕೇಳಲಿಲ್ಲ. ಮೇಸ್ತ್ರಿ ಇಪ್ಪತ್ತೇ ತಂದರು. ನೆಲ ಹಾಕುತ್ತಲೇ ತಲೆ ನರೆತ ಮನುಷ್ಯನಿಗೆ ಆ ಲೆಕ್ಕ ಗೊತ್ತಿರಲಿಲ್ಲವೇ ಎಂದು ಈಗ ಅನ್ನಿಸುತ್ತದೆ. ಉಳಿದ ನಾಲ್ಕನ್ನು ನಮಗೆ ಎರಡೆರಡು ಹಂಚಿ ನಕ್ಕರು. ನಾಲ್ಕೂ ಸೇರಿದರೆ ಚೌಕ. ಒಬ್ಬಳೇ ಕೂತರೆ ಬರೀ ಪಟ್ಟಿ. ಹಾಗಾಗಿ ದಿನಾ ಸಂಜೆ ಆಟಕ್ಕೆ ಅವಳು ಬರಲೇಬೇಕಿತ್ತು, ಬರುತ್ತಿದ್ದಳು.

ಆಮೇಲೆ ಅವಳನ್ನು ಮಳವಳ್ಳಿಗೆ ಮದುವೆ ಮಾಡಿಕೊಟ್ಟರು. ನಾನು ಹೋಗಲಿಲ್ಲ. ಪರೀಕ್ಷೆ ಇದೆ ಎಂದು ಹೇಳಿಕಳಿಸಿದೆ. ಪರೀಕ್ಷೆ ಇದ್ದದ್ದು ಮಾರನೇ ವಾರ. ಆ ನಾಚಿಕೆಗೆ ಇಷ್ಟು ವರ್ಷ ಅವಳ ಮುಖ ನೋಡಿಲ್ಲ. ಮಳವಳ್ಳಿ ಬಸ್ಸು ದಿನಾ ನಮ್ಮ ಶಾಲೆಯ ಮುಂದೆಯೇ ಹೋಗುತ್ತದೆ, ನಾನು ಮದ್ದೂರಿನದು ಹತ್ತಿ ಮನೆ ಸೇರುತ್ತೇನೆ. ನನ್ನ ಎರಡು ಬಿಲ್ಲೆಗಳು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ಹಾರದಂತೆ ಕೂತಿವೆ. ಅವಳು ಬೇಕು ಅನ್ನಿಸಿದಾಗೆಲ್ಲ ಅವನ್ನು ಒರೆಸಿಡುತ್ತೇನೆ. ತಿಂಗಳಿಗೆ ನಾಲ್ಕೈದು ಸಲವಾದರೂ ಒರೆಸುತ್ತೇನೆ. ವಿಚಿತ್ರ ನೋಡಿ, ಸುತ್ತು ಎಷ್ಟೇ ದೊಡ್ಡದಾಗಲಿ, ಈ ತಪ್ಪಿನಲ್ಲಿ ಹೆಚ್ಚು ಬರುವುದು ಯಾವಾಗಲೂ ನಾಲ್ಕೇ. ಅದು ಬೆಳೆಯುವುದಿಲ್ಲ, ಕರಗುವುದೂ ಇಲ್ಲ.

ಮೊನ್ನೆ ಅವಳ ತಮ್ಮನಿಂದ ನಂಬರು ಪಡೆದು ಫೋನು ಮಾಡಿಯೇಬಿಟ್ಟೆ. ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ. ಕ್ಷೇಮಸಮಾಚಾರವೂ ಇಲ್ಲದೆ, ನಿನ್ನ ಬಿಲ್ಲೆ ಇವೆಯಾ ಎಂದೆ, ಪೆದ್ದಿ.

"ಒಂದ್ ಒಡ್ದೋಯ್ತು ಕಣೇ."

ಇನ್ನೆಲ್ಲಿಯ ಚೌಕ ಎಂದುಕೊಂಡೆ.

"ಮೂರಿದ್ರೆ ಮೂಲೆ ಆಯ್ತದೆ, ಬುಡು," ಅಂದಳು. "ಭಾನ್ವಾರ ಬಾ."

ನೂರನೇ ಸುತ್ತಿಗೆ ಎಂಟುನೂರು ಎಂದು ಥಟ್ಟನೆ ಹೇಳುವ ಟೀಚರು ನಾನು. ಇವತ್ತು ಬುಧವಾರ. ಭಾನುವಾರಕ್ಕೆ ಇನ್ನೆಷ್ಟು ದಿನ ಎಂದು ಬೆರಳು ಮಡಿಚಿ ಎಣಿಸುತ್ತಿದ್ದೇನೆ. ಪ್ರತಿ ಸಲವೂ ಒಂದು ಹೆಚ್ಚೇ ಬರುತ್ತಿದೆ.