ಕೇಳದೆ ಕೊಟ್ಟ ನೀರು

ಮಗಳು ಮಣಿಪಾಲದಲ್ಲಿ ಬಾಯಿಬಿಟ್ಟು ನೀರು ಕೇಳುತ್ತಾಳೆ ಎಂದು ತಂಗಿ ಹೇಳಿದಾಗ ನಾನು ನಂಬಲಿಲ್ಲ. ಕಾಪುವಿನ ನಮ್ಮ ಮನೆಯಲ್ಲಿ ಅವಳು ಒಮ್ಮೆಯೂ ಕೇಳಿದ್ದಿಲ್ಲ. ಆರು ವರ್ಷದ ಮಗು, ಮಾತು ಬಹಳ ಕಡಿಮೆ. ಬೇಕಾದ್ದು ಸಿಗದಿದ್ದರೆ ಕಿರುಚುತ್ತಿದ್ದಳು, ಹತ್ತಿರವಿದ್ದವರ ಕೈ ಕಚ್ಚುತ್ತಿದ್ದಳು. ಆಟಿಸಂ ಎಂದು ವೈದ್ಯರು ಹೇಳಿದ ಮೇಲೆ ತಂಗಿ ಅವಳನ್ನು ಬಸ್ಸಿನಲ್ಲಿ ಮಣಿಪಾಲದ ಒಂದು ಕೇಂದ್ರಕ್ಕೆ ಕರೆದೊಯ್ಯುತ್ತಿದ್ದಳು. ತಂಗಿಯ ಗಂಡ ಮೀನಿನ ಬೋಟಿಗೆ ಹೋದರೆ ವಾರಗಟ್ಟಲೆ ಕಡಲಲ್ಲಿರುವವರು. ಮನೆಯಲ್ಲಿ ಉಳಿದವರು ಅಮ್ಮ ಮತ್ತು ನಾನು.

ಕೇಂದ್ರದಲ್ಲಿ ಕಲಿಸುವ ಮೇಡಂ ಒಂದು ಹಾಳೆಯಲ್ಲಿ ಎರಡು ಗೆರೆ ಎಳೆದು ತೋರಿಸಿದ್ದರಂತೆ. ಕಿರುಚಾಟದ ಗೆರೆ ಇಳಿದಿತ್ತು, ಕೇಳುವ ಗೆರೆ ಏರಿತ್ತು. ನನಗೆ ಇಂಥ ಗೆರೆ ಕಂಡರೆ ಮೊದಲು ಹುಟ್ಟುವುದು ಸಂಶಯ. ದಡದಲ್ಲಿ ತೂಗಿದ ಮೀನಿನಲ್ಲಿ ಐಸಿನ ನೀರಿನ ತೂಕವೂ ಸೇರಿರುತ್ತದೆ ಎಂದು ಅಜ್ಜ ಹೇಳುತ್ತಿದ್ದರು. ನಾನು ಅವರ ಮೊಮ್ಮಗ.

ಸಂಶಯಕ್ಕೆ ಕಾರಣವೂ ಇತ್ತು. ಕಡಿಯಾಳಿಯ ಹತ್ತಿರದ ಒಂದು ಶಾಲೆಯವರು ಜೂನಿಗೆ ಮಗುವನ್ನು ಸೇರಿಸಿಕೊಳ್ಳಲು ಒಪ್ಪಿದ್ದರು. ಅಲ್ಲಿಯ ಮುಖ್ಯ ಟೀಚರ್ ಕೇಳಿದ್ದು ಒಂದೇ: ಬಾಯಾರಿದರೆ ಪರಿಚಯವಿಲ್ಲದವರ ಹತ್ತಿರವೂ ತಾನಾಗಿ ಕೇಳುತ್ತಾಳಾ? ತುಂಬಿದ ತರಗತಿಯಲ್ಲಿ ಒಂದು ಮಗುವಿನ ಮುಖ ನೋಡುತ್ತಾ ಊಹಿಸಲು ಆಗುವುದಿಲ್ಲ ಎಂದಿದ್ದರು. ತಂಗಿ ಹೌದು ಅಥವಾ ಇಲ್ಲ ಎನ್ನಬೇಕಿತ್ತು. ಸುಳ್ಳು ಹೌದು ಹೇಳಿದರೆ, ಮೊದಲ ವಾರವೇ ಇವಳು ಯಾರದೋ ಮಗುವಿನ ಕೈ ಕಚ್ಚಿ ಮನೆಗೆ ಬರುವಳು. ಆಮೇಲೆ ಯಾವ ಶಾಲೆಯ ಬಾಗಿಲು ತೆರೆಯುತ್ತದೆ?

ಮನೆಯಲ್ಲೂ ಎಣಿಸಿ ನೋಡಿ ಎಂದರು ಮೇಡಂ. ಇಬ್ಬರು ಬೇರೆ ಬೇರೆ ಕುಳಿತು ಒಂದೇ ಅರ್ಧ ಗಂಟೆ ನೋಡಬೇಕು, ಕೇಳಿದಾಗೆಲ್ಲ ಒಂದು ಗೀಟು ಹಾಕಬೇಕು, ಒಬ್ಬರ ಕಾಗದ ಇನ್ನೊಬ್ಬರು ನೋಡಬಾರದು. ತಂಗಿ ಕಿಟಕಿಯ ಬಳಿ ಕುಳಿತಳು, ನಾನು ಚಾವಡಿಯಲ್ಲಿ. ಕೊನೆಗೆ ನೋಡಿದರೆ ಅವಳ ಕಾಗದದಲ್ಲಿ ಗೀಟುಗಳ ಸಾಲು, ನನ್ನದು ಖಾಲಿ.

"ನೀನು ಎಲ್ಲಿ ನೋಡ್ತಿದ್ದೆ ಅಣ್ಣ?"

"ಕೇಳಿದ್ದು ಯಾವಾಗ ಮಾರಾಯ್ತಿ? ಅಡುಗೆಮನೆ ಬಾಗಿಲಲ್ಲಿ ಹೋಗಿ ನಿಂತಳು, ಅಷ್ಟೆ."

"ನಿಂತದ್ದೂ ಕೇಳಿದ ಹಾಗೇ ಅಲ್ವಾ?"

"ಹಾಗಾದರೆ ನಮ್ಮ ಬೆಕ್ಕು ಬೆಳಗಿನಿಂದ ಬಂಗುಡೆ ಕೇಳ್ತಾ ಉಂಟು."

ತಂಗಿ ಕಾಗದ ಮಡಚಿಕೊಂಡು ಎದ್ದು ಹೋದಳು. ಶಾಲೆಯ ಆಸೆಗೆ ಗೀಟು ಹೆಚ್ಚು ಹಾಕುತ್ತಿದ್ದಾಳೆ ಎಂದೇ ನಾನು ಎಣಿಸಿದೆ. ಮರುವಾರ ಮಣಿಪಾಲಕ್ಕೂ ಹೋಗಿ ಗಾಜಿನ ಆಚೆ ನಿಂತು ನೋಡಿದೆ. ಮಗು "ನೀರು" ಎಂದದ್ದು ನಿಜ. ಆದರೆ ಅದಕ್ಕೂ ಮೊದಲು ಮೇಡಂ ಕೈ ಬಾಟಲಿಯ ಕಡೆ ಸ್ವಲ್ಪ ಸರಿದಿತ್ತು. ಹೊರಗೆ ಬಂದಾಗ ಅದನ್ನೇ ಹೇಳಿದೆ.

ಅವರಿಗೆ ಸಿಟ್ಟು ಬರಲಿಲ್ಲ. "ನೀವು ನೋಡಿದ್ದು ಸರಿ. ಇಲ್ಲಿ ನನ್ನ ಮುಂದೆ ಕೇಳಿದರೆ ಅರ್ಧ ಕಲಿತ ಹಾಗೆ. ಬೇರೆ ಜಾಗದಲ್ಲಿ, ಬೇರೆಯವರ ಹತ್ತಿರ, ನಾವು ಬಿಸ್ಕತ್ತು ಕೊಟ್ಟು ಹೊಗಳುವುದು ನಿಲ್ಲಿಸಿದ ಮೇಲೂ ಕೇಳಬೇಕು. ನಾನೇ ಒಮ್ಮೆ ನಿಮ್ಮ ಮನೆಗೆ ಬರ್ತೇನೆ."

ಬಂದರು. ಚಪ್ಪಲಿ ಬಿಡುವುದರೊಳಗೆ ಅಮ್ಮ ಬೆಲ್ಲದ ತಟ್ಟೆ, ನೀರಿನ ಚೆಂಬು ಹಿಡಿದು ಎದುರಿಗೆ ನಿಂತಾಗಿತ್ತು. ಮೇಡಂ ಕುಡಿದು ನಕ್ಕರು. "ಅಮ್ಮ, ನಾನು ಕೇಳಲೇ ಇಲ್ಲವಲ್ಲ."

"ಕೇಳಲಿಕ್ಕೆ ಎಂತ ಉಂಟು? ಬಿಸಿಲಲ್ಲಿ ಬಂದವರು ಕೇಳುವವರೆಗೆ ಕಾಯಲಿಕ್ಕೆ ಇದೇನು ಅಂಗಡಿಯಾ?"

ಮೇಡಂ ನನ್ನತ್ತ ನೋಡಿದರು. ಆಮೇಲೆ ನಾವಿಬ್ಬರೂ ಮಗುವನ್ನು ಬಿಟ್ಟು ಅಮ್ಮನನ್ನೇ ನೋಡಿದೆವು. ಮಗು ಆಟ ನಿಲ್ಲಿಸಿ ಒಮ್ಮೆ ತುಟಿ ಒರೆಸಿಕೊಂಡರೆ ಸಾಕು, ಒಳಗಿನಿಂದ ಲೋಟ ಬರುತ್ತಿತ್ತು. ಬಾಗಿಲಲ್ಲಿ ನಿಂತರೆ ಲೋಟ ಬಾಯಿಗೇ ಬರುತ್ತಿತ್ತು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟೇ ಮಾತಾಡಿಸಬೇಕು, ಅವರ ಬಾಯಲ್ಲಿ ಕೇಳಿಸಿಕೊಂಡರೆ ಮನೆಗೆ ಮರ್ಯಾದೆ ಇಲ್ಲ ಎಂಬುದು ನಮ್ಮ ಹಿರಿಯರು ಕಲಿಸಿದ ಪಾಠ. ಆ ಪಾಠವನ್ನು ಅಮ್ಮ ಮೊಮ್ಮಗಳಿಗೂ ತಪ್ಪದೆ ನಡೆಸುತ್ತಿದ್ದಳು. ಮಗು ಬಾಯಿ ತೆರೆಯಲು ಜಾಗವೇ ಇರಲಿಲ್ಲ.

"ಕೇಳುವ ಮೊದಲು ಕೊಡಬೇಡಿ ಅಮ್ಮ" ಎಂದರು ಮೇಡಂ.

"ನಮ್ಮ ಮನೆಯ ಮಗುವನ್ನು ನೀರಿಗೆ ಬೇಡಿಸುವುದಾ?"

"ಬೇಡುವುದಲ್ಲ, ಹೇಳುವುದು."

ಅಮ್ಮ ಆಯಿತು ಎಂದಳು. ಬಹಳ ಬೇಗ ಎಂದಳು, ಅದೇ ನನಗೆ ಹಿಡಿಸಲಿಲ್ಲ. ನನ್ನ ಕಣ್ಣು ಈಗ ತಂಗಿಯನ್ನು ಬಿಟ್ಟು ಅಮ್ಮನ ಹಿಂದೆ ಹೊರಟಿತು. ಒಂದು ದಿನ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಅರ್ಧ ತುಂಬಿದ ಲೋಟ ಸಿಕ್ಕಿತು.

"ಅದು ಕಾಗೆಗೆ ಇಟ್ಟದ್ದು" ಎಂದಳು ಅಮ್ಮ.

"ಕಾಗೆಗೆ ಸ್ಟೀಲ್ ಲೋಟವಾ?"

ನನಗೆ ನಗು ಬಂತು. ತಂಗಿ ಮಾತ್ರ ನಗಲಿಲ್ಲ. "ಅಮ್ಮ, ಜೂನಿನಿಂದ ನೀನು ಶಾಲೆಗೆ ಬಂದು ಅವಳ ಬೆಂಚಿನಲ್ಲಿ ಕೂರ್ತೀಯಾ?" ಎಂದಳು. ಅಮ್ಮ ಲೋಟದ ನೀರನ್ನು ತುಳಸಿಗೆ ಚೆಲ್ಲಿ ಒಳಗೆ ಹೋದಳು.

ಮರುದಿನ ಮಗು ಬಾಗಿಲಲ್ಲಿ ನಿಂತಿತು. ಅಮ್ಮ ಏಳಲಿಲ್ಲ. ಕಿರುಚಿತು, ಬಂದು ಅಮ್ಮನ ಮಣಿಕಟ್ಟು ಕಚ್ಚಿತು. ಅಮ್ಮ ಗೋಡೆ ನೋಡುತ್ತಾ ಕುಳಿತಳು; ಕಣ್ಣಲ್ಲಿ ನೀರಿತ್ತು, ಕಚ್ಚಿದ ನೋವಿನದ್ದೆಂದು ನಾನು ನಂಬುವುದಿಲ್ಲ. ತಂಗಿ ಮೆಲ್ಲನೆ ಹೇಳಿಕೊಟ್ಟಳು, "ನೀರು." ಮಗು ಹೇಳಿತು. ಅಮ್ಮ ಆ ಕ್ಷಣವೇ ಕೊಟ್ಟಳು. ಹಾಗೆ ಕೆಲವು ವಾರ ಕಳೆದ ಮೇಲೆ ಹೇಳಿಕೊಡುವ ಅಗತ್ಯ ಉಳಿಯಲಿಲ್ಲ.

ಆದರೆ ಅದು ನಮ್ಮ ಮನೆ, ನಮ್ಮ ಮುಖಗಳು. ಹೊರಗೆ? ಕಾರ್ಕಳದ ಚಿಕ್ಕಮ್ಮನ ಮನೆಗೆ ಹೋದೆವು. ಚಿಕ್ಕಮ್ಮ ಅಮ್ಮನ ತಂಗಿ ತಾನೇ, ನಾವು ಕೂರುವ ಮೊದಲೇ ತಟ್ಟೆ ಬಂತು.

"ಅವಳಿಗೆ ಕೊಡಬೇಡ, ನಿಲ್ಲು" ಎಂದಳು ಅಮ್ಮ.

"ಅಕ್ಕ, ತಲೆ ಸರಿ ಉಂಟಾ ನಿಂಗೆ? ಬಾಯಾರಿದ ಮಗುವಿನ ಎದುರು ನೀರು ಹಿಡಿದು ನಿಲ್ಲುವುದಾ?"

"ನಿಲ್ಲು ಅಂದೆ."

ಮಗು ಚಿಕ್ಕಮ್ಮನ ಮುಖ ನೋಡಿ "ನೀರು" ಎಂದಿತು. ತಂಗಿ ನನ್ನ ಕಡೆ ತಿರುಗಿದಳು. ನಾನು ಹೇಳಿದೆ, "ತಟ್ಟೆ ಕಂಡಿತಲ್ಲ. ಕಂಡದ್ದನ್ನು ಯಾರು ಬೇಕಾದರೂ ಕೇಳ್ತಾರೆ."

"ಸೂರ್ಯ ಹುಟ್ಟಿದರೂ ಸಾಕ್ಷಿ ಕೇಳುವವ ನೀನು" ಎಂದಳು ತಂಗಿ.

ಸಂಜೆ ಬಸ್ಸು ನಿಟ್ಟೆಯಲ್ಲಿ ನಿಂತಾಗ ಕಾಲೇಜಿನ ಮಕ್ಕಳು ನುಗ್ಗಿ ತುಂಬಿಕೊಂಡರು. ಒಬ್ಬಳು ಹುಡುಗಿ ನಮ್ಮ ಸೀಟಿಗೆ ಒರಗಿ ನಿಂತಳು. ಸ್ವಲ್ಪ ಹೊತ್ತಿಗೆ ಮಗು ತುಟಿ ಒರೆಸಿಕೊಂಡಿತು. ಅಮ್ಮನ ಕೈ ನೀರಿನ ಬಾಟಲಿಯಿದ್ದ ಚೀಲದ ಕಡೆ ಹೊರಟಿತು. ನಾನು ಚೀಲವನ್ನು ಕಾಲಿನಿಂದ ಸೀಟಿನಡಿಗೆ ತಳ್ಳಿದೆ. ಅಮ್ಮ ನನ್ನನ್ನು ಸುಡುವ ಹಾಗೆ ನೋಡಿ ಕೈ ಹಿಂದೆ ತೆಗೆದಳು. ಮುಖದಲ್ಲಿ ಏನೂ ಕಾಣಬಾರದೆಂದು ಮೂವರೂ ಹೊರಗೆ ನೋಡಿದೆವು.

ಮಗು ಆ ಹುಡುಗಿಯ ಕೈ ಎಳೆಯಿತು. "ನೀರು."

"ಎಂತ ಪುಟ್ಟ?"

"ನೀರು."

ಹುಡುಗಿ ಬೆನ್ನಿನ ಬ್ಯಾಗು ಇಳಿಸಿ, ಜಿಪ್ಪು ಎಳೆದು, ಪುಸ್ತಕಗಳ ಅಡಿಯಿಂದ ಬಾಟಲಿ ತೆಗೆದು ಕುಡಿಸಿದಳು. ನಾನು ಕೇಳಿಯೇ ಬಿಟ್ಟೆ: "ಮೊದಲು ಅವಳಿಗೆ ಬಾಟಲಿ ತೋರಿಸಿದ್ದೆಯಾ ಮಗಾ?"

"ಇಲ್ಲ ಅಂಕಲ್, ಒಳಗೇ ಇತ್ತು. ಯಾಕೆ?"

ಚಿಕ್ಕಮ್ಮ ಕಟ್ಟಿಕೊಟ್ಟ ಬೆಲ್ಲದ ಪೊಟ್ಟಣವನ್ನು ಅಮ್ಮ ಬಿಚ್ಚಿ, ಒಂದು ತುಂಡು ಬೆಲ್ಲ ಮುರಿದು ಹುಡುಗಿಯ ಅಂಗೈಯಲ್ಲಿಟ್ಟಳು. ತಂಗಿ ನನ್ನನ್ನು ನೋಡಿದಳು. ಈ ಸಲ ನನ್ನಲ್ಲಿ ಕೇಳಲು ಏನೂ ಉಳಿದಿರಲಿಲ್ಲ.

ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿ ಹಿಂದೆ ಸರಿಯುತ್ತಿದ್ದಾಗ ಅವಳು ಶಾಲೆಗೆ ಫೋನ್ ಮಾಡಿದಳು. "ಕೇಳ್ತಾಳೆ ಟೀಚರ್. ಗುರುತಿಲ್ಲದವರ ಹತ್ತಿರವೂ ಕೇಳ್ತಾಳೆ. ನಡುವೆ ಮರೆತರೆ ನಾವು ಮತ್ತೆ ಕಲಿಸ್ತೇವೆ." ಜೂನಿಗೆ ಕರೆದುಕೊಂಡು ಬನ್ನಿ ಎಂದರಂತೆ.

"ಶಾಲೆಯಲ್ಲಿ ಕೇಳಿ ಕುಡಿಯಲಿ" ಎಂದಳು ಅಮ್ಮ, ಬೆಲ್ಲದ ಪೊಟ್ಟಣ ಕಟ್ಟುತ್ತಾ. "ಭಾನುವಾರ ಒಂದು ದಿನ ನಾನು ಕೊಡ್ತೇನೆ."

ತಂಗಿ ಬೇಡ ಎಂದಳು, ಅಮ್ಮ ಆಯಿತು ಎಂದಳು. ಆಗಲೂ ಬಹಳ ಬೇಗವೇ ಎಂದಳು. ಮಗು ಈಗ ಶಾಲೆಗೆ ಹೋಗುತ್ತದೆ, ನೀರು ಕೇಳುತ್ತದೆ. ಭಾನುವಾರ ಮಾತ್ರ ನಾನು ಹಿತ್ತಲಿಗೆ ಹೋಗಿ ಆ ಕಲ್ಲಿನ ಹಿಂದೆ ಒಮ್ಮೆ ನೋಡಿ ಬರುತ್ತೇನೆ.