ಪ್ರಮಾಣಪತ್ರವಿಲ್ಲದ ಕೈಗಳು

ಕಾಫಿಯ ಲೋಟವನ್ನು ಪಂಚೆಯ ಅಂಚಿನಿಂದ ಹಿಡಿದು, ನಾಲ್ಕು ಸಲ ಊದಿ, ಐದನೆಯ ಸಲ ಅಳುಕುತ್ತಲೇ ತುಟಿಗೆ ತಾಗಿಸುವ ಸುಕುಮಾರ ಪುರುಷರ ಪಂಗಡಕ್ಕೆ ಸೇರಿದವನು ನಾನು. ಅದೇ ಲೋಟವನ್ನು ನನ್ನ ಹೆಂಡತಿ ಒಲೆಯ ಪಕ್ಕದಿಂದ ಬರಿಗೈಯಲ್ಲಿ ತಂದಿರುತ್ತಾಳೆ. ಹೆಂಗಸರ ಬೆರಳುಗಳನ್ನು ಬೇರಾವುದೋ ಧಾತುವಿನಿಂದ ಮಾಡಿದ್ದಾರೆಂದು ಬಹುಕಾಲ ನಂಬಿ ನಿಶ್ಚಿಂತನಾಗಿದ್ದೆ. ಇಂಥವನನ್ನು ಎಪ್ಪತ್ತರ ದಶಕದ ಕೊನೆಯಲ್ಲಿ ರೇಷ್ಮೆ ಇಲಾಖೆಯವರು ಶ್ರೀನಿವಾಸಪುರದ ಕಡೆ ರೇಷ್ಮೆ ನೂಲು ಬಿಚ್ಚುವವರಿಗೆ ಹೊಸ ಯಂತ್ರದ ಉಪದೇಶ ಮಾಡಲು ಕಳಿಸಿದರೆಂದರೆ, ಕಳಿಸಿದವರ ವಿವೇಕವನ್ನು ನೀವೇ ಊಹಿಸಿಕೊಳ್ಳಿ.

ಆಗ ಅಲ್ಲಿ ಚರಕಗಳ ಕಾಲ. ಬಾಣಲೆಯಲ್ಲಿ ರೇಷ್ಮೆಗೂಡುಗಳು ಕುದಿಯುತ್ತಿರುವಾಗಲೇ ಒಬ್ಬಳು ಬೆರಳದ್ದಿ ಎಳೆ ಹುಡುಕಬೇಕು, ಇನ್ನೊಬ್ಬಳು ಚಕ್ರ ತಿರುಗಿಸಬೇಕು. ಹೊಸ ಯಂತ್ರದಲ್ಲಾದರೋ ಗೂಡು ಬೇಯಿಸುವ ಪಾತ್ರೆ ಬೇರೆ, ನೂಲು ತೆಗೆಯುವ ತೊಟ್ಟಿ ಬೇರೆ. ತೊಟ್ಟಿಯಲ್ಲಿರುವುದು ಉಗುರುಬೆಚ್ಚಗಿನ ನೀರು. ಮನುಷ್ಯರ ಕೈಯನ್ನು ನೆನೆದು ಯಾರೋ ಪುಣ್ಯಾತ್ಮ ರೂಪಿಸಿದ ಯಂತ್ರವದು. ಅದರ ಮೇಲೆ ನನಗೆ ಇಂದಿಗೂ ಕೋಪವಿಲ್ಲ. ಕೋಪವೆಲ್ಲ ಅದನ್ನು ಹಂಚಿದ ನಮ್ಮಂಥ ಪಂಡಿತೋತ್ತಮರ ಮೇಲೆ.

ಅತ್ತೆಯೊಡನೆ ಚರಕ ನಡೆಸುತ್ತಿದ್ದ ಮೆಹರುನ್ನೀಸಾ ಎಂಬ ವಿಧವೆ ನನ್ನ ಭಾಷಣವನ್ನು ಕೊನೆಯವರೆಗೂ ಕೇಳಿದರು. ಆಮೇಲೆ ಎರಡೂ ಕೈ ಚಾಚಿದರು. ಚರ್ಮ ಸುಲಿದು, ಉಗುರುಗಳ ಬುಡ ಕೀವುಗಟ್ಟಿತ್ತು.

“ಅನ್ನ ಕಲ್ಸಕ್ಕಾಗಲ್ಲ ಸಾರ್, ಉಪ್ಪು ಖಾರ ಉರೀತದೆ. ಆ ಬೆಚ್ಚನೀರಿನ ಮೆಷಿನ್ ನಂಗೆ ಕೊಡ್ಸಿ” ಎಂದರು. ಇಡೀ ತಾಲ್ಲೂಕಿನಲ್ಲಿ ನನ್ನ ಮಾತಿನ ತಿರುಳನ್ನು ಹಿಡಿದವರು ಅವರೊಬ್ಬರೇ ಇರಬೇಕು.

ಯಂತ್ರ ಸಿಗಲು ತರಬೇತಿಯ ಪ್ರಮಾಣಪತ್ರ ಬೇಕು. ತರಬೇತಿಗೆ ಹದಿನೈದು ದಿನ ದೂರದ ಕೇಂದ್ರದಲ್ಲಿ ತಂಗಬೇಕು. ತಂಗುವ ಏರ್ಪಾಡು ಗಂಡಸರಿಗೆ ಮಾತ್ರ. ಹೆಂಗಸರು ಬರಕೂಡದೆಂದು ಯಾವ ನಿಯಮದಲ್ಲೂ ಬರೆದಿರಲಿಲ್ಲ. ಬಂದಾರೆಂಬುದು ಯಾರಿಗೂ ಹೊಳೆದೇ ಇರಲಿಲ್ಲ. ನೂಲು ಬಿಚ್ಚುವವರೇ ಹೆಂಗಸರಾಗಿರುವಾಗ ಈ ಮರೆವನ್ನು ಏನೆಂದು ಕರೆಯೋಣ ಹೇಳಿ? ಮೇಲಧಿಕಾರಿಗಳ ಬಳಿ ಹೋಗಿ ಕೇಳಿದೆ. “ಆ ಮನೇಲಿ ಗಂಡಸರು ಯಾರೂ ಇಲ್ವೇನ್ರೀ?” ಎಂದರು.

ಇದ್ದ. ಮೆಹರುನ್ನೀಸಾರ ಮೈದುನ ಬಾಬಾಜಾನ್. ಸೈಕಲ್ ಅಂಗಡಿಯವನು; ಪಂಕ್ಚರ್ ಹುಡುಕಲು ಟ್ಯೂಬನ್ನು ನೀರಿಗೆ ಅದ್ದಿದ್ದಷ್ಟೇ ಅವನ ಜಲಾನುಭವ. ಅರ್ಜಿಯಲ್ಲಿ ‘ನೂಲು ಬಿಚ್ಚುವವರ ಹೆಸರು’ ಎಂದಿದ್ದ ಕಡೆ, ಮೆಹರುನ್ನೀಸಾ ಎದುರಿಗೇ ನಿಂತಿರುವಾಗ, ಅವನ ಹೆಸರನ್ನು ನನ್ನ ದುಂಡು ಅಕ್ಷರಗಳಲ್ಲಿ ನಾನೇ ಬರೆದೆ. ನಾಚಿಕೆಯಾಗಬೇಕಿತ್ತು. ಉಪಕಾರ ಮಾಡುತ್ತಿದ್ದೇನೆಂಬ ಹೆಮ್ಮೆಯಾಯಿತು.

ಬಾಬಾಜಾನ್ ಹೋದ, ಕಲಿತ, ಪತ್ರ ತಂದ. ಯಂತ್ರವೂ ಬಂತು. ಕೆಲವು ತಿಂಗಳ ಮೇಲೆ ನೋಡಲು ಹೋದರೆ, ಗಾಜು ಹಾಕಿಸಿದ ಪ್ರಮಾಣಪತ್ರದ ಕೆಳಗೆ ಅವನು ಬೆಚ್ಚನೀರಿನ ತೊಟ್ಟಿಯ ಮುಂದೆ ಹಾಯಾಗಿ ಕುಳಿತು ನೂಲು ತೆಗೆಯುತ್ತಿದ್ದ. ಪಕ್ಕದಲ್ಲಿ ಹೊಗೆಯಾಡುವ ಒಲೆಯ ಮುಂದೆ ಮೆಹರುನ್ನೀಸಾ, ಕುದಿಯುವ ಪಾತ್ರೆಯಿಂದ ಗೂಡುಗಳನ್ನು ಎಳೆಸಮೇತ ಬೆರಳಿಂದಲೇ ಬಾಚಿ ಅವನ ತೊಟ್ಟಿಗೆ ದಾಟಿಸುತ್ತಿದ್ದರು.

“ಪತ್ರ ನನ್ನೆಸ್ರಾಗೈತಲ್ಲ ಸಾರ್, ಅದ್ಕೆ ತೊಟ್ಟಿ ನಂದು” ಎಂದ ಬಾಬಾಜಾನ್, ಒಂದಿಷ್ಟೂ ಕಪಟವಿಲ್ಲದೆ. “ಬೇಯ್ಸೋ ಹದ ಭಾಬಿಗೇ ಗೊತ್ತು, ನಂಗೆ ಅದು ಬರಲ್ಲ.”

ಬಲ್ಲವಳಾದ್ದರಿಂದ ಕುದಿನೀರು, ಅರಿಯದವನಾದ್ದರಿಂದ ಬೆಚ್ಚನೀರು! ಇದನ್ನೇ ನಾವು ಕಚೇರಿಯಲ್ಲಿ ಕುಳಿತು ಸುಧಾರಣೆಯೆಂದು ಬರೆದುಕೊಳ್ಳುತ್ತಿದ್ದೆವು. ಅವನ ಮೇಲೆ ರೇಗಲು ಹೊರಟವನಿಗೆ, ಆ ಪೀಠದಲ್ಲಿ ಅವನನ್ನು ಕೂರಿಸಿದವನು ನಾನೇ ಎಂಬುದು ಹೊಳೆಯಿತು. ಮೆಹರುನ್ನೀಸಾರ ಕಡೆ ತಿರುಗಿ, ಕೈ ಹೇಗಿದೆಯಮ್ಮ ಎಂದು ಕೇಳಿದೆ. ಅವರು ಕೈ ತೋರಿಸಲಿಲ್ಲ, ಕೆಲಸವನ್ನೂ ನಿಲ್ಲಿಸಲಿಲ್ಲ.

“ಬೆಚ್ಚನೀರು ನಮ್ಮನೆ ತನ್ಕ ಬಂತು ಸಾರ್” ಎಂದರು. “ನನ್ ಕೈ ತನ್ಕ ಬರ್ಲಿಲ್ಲ, ಅಷ್ಟೇ.”