ಸೊರಬ ಬರುವ ಹೊತ್ತಿಗೆ ಜೇನು

ಅಕ್ಕೋರ ಎಡಗೈ ಮಣಿಕಟ್ಟಿನ ಒಳಭಾಗ ನನಗೆ ಅವರ ಮುಖಕ್ಕಿಂತ ಚೆನ್ನಾಗಿ ನೆನಪಿದೆ. ಗೋಧಿ ಬಣ್ಣದ ತೆಳು ಚರ್ಮ, ಅದರಡಿ ಕವಲೊಡೆದ ಹಸಿರು ನರ, ಕವಲಿನ ಮೇಲೆ ಒಗ್ಗರಣೆಯ ಸಾಸಿವೆ ಸಿಡಿದು ಆದ ಸಣ್ಣದೊಂದು ಕಲೆ. ಬಸ್ಸು ಶಿಕಾರಿಪುರದ ನಿಲ್ದಾಣ ಬಿಟ್ಟ ಕೂಡಲೇ ಗಾಜಿನ ಬಳೆಗಳನ್ನು ಮೇಲಕ್ಕೆ ತಳ್ಳಿ ಆ ಕೈಯನ್ನು ನನ್ನ ಮೂಗಿನ ಕೆಳಗೆ ಹಿಡಿಯುತ್ತಿದ್ದರು.

"ಹೇಳು ಮಾರಾಯ್ತಿ, ಈಗ ಎಂಥ ವಾಸನೆ?"

ಮೊದಲ ಸಲ ಹೀಗೆ ಮಾಡಿದಾಗ ನಾನು ಗಾಬರಿಯಿಂದ ಹಿಂದೆ ಸರಿದು ಕಿಟಕಿಯ ಸರಳಿಗೆ ತಲೆ ಬಡಿಸಿಕೊಂಡಿದ್ದೆ. ಸೊರಬದ ಶಾಲೆಗೆ ನಾನು ಲೆಕ್ಕದ ಟೀಚರಾಗಿ ಹೊಸದಾಗಿ ವರ್ಗವಾಗಿ ಬಂದಿದ್ದೆ. ಅವರು ಅಲ್ಲೇ ಸಮಾಜ ಪಾಠ ಹೇಳುತ್ತಿದ್ದ ಹಿರಿಯರು. ಇಬ್ಬರ ಮನೆಯೂ ಶಿಕಾರಿಪುರದಲ್ಲಿ, ದಿನವೂ ಒಂದೇ ಬಸ್ಸು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನೆಲ್ಲ ಅಕ್ಕೋರು ಅನ್ನುತ್ತಾರೆ. ಆದರೆ ನಮ್ಮ ಶಾಲೆಯಲ್ಲಿ ಅಕ್ಕೋರು ಅಂದರೆ ಅವರೊಬ್ಬರೇ. ಉಳಿದ ನಾವೆಲ್ಲ ಬರೀ ಮಿಸ್ಸುಗಳು.

"ಚೆನ್ನಾಗಿದೆ ಅಕ್ಕೋರೆ" ಅಂದೆ.

"ಚೆನ್ನಾಗಿದೆ ಅನ್ನೋದು ವಾಸನೆ ಅಲ್ಲ, ಸರ್ಟಿಫಿಕೇಟು. ಎಂಥದರ ಹಾಗಿದೆ ಹೇಳು."

ನನಗೆ ಅದುವರೆಗೆ ವಾಸನೆ ಅಂದರೆ ಎರಡೇ ಬಗೆ: ಗ್ಯಾಸ್ ಸೋರುತ್ತಿರುವುದು, ಸೋರದೆ ಇರುವುದು. ಮನೆಗೆ ಬೀಗ ಹಾಕಿ ಬೀದಿ ತಿರುವಿನ ತನಕ ಹೋಗಿ, ಒಲೆ ಆರಿಸಿದೆನೋ ಇಲ್ಲವೋ ಅಂತ ವಾಪಸು ಬರುವ ಜಾತಿ ನನ್ನದು. ನನ್ನ ಬ್ಯಾಗು ಒಂದು ಸಣ್ಣ ಆಸ್ಪತ್ರೆ. ಅದರಲ್ಲಿ ವಾಂತಿ ಮಾತ್ರೆ, ಜ್ವರದ ಮಾತ್ರೆ, ಬ್ಯಾಂಡೇಜು, ಪಿನ್ನು, ಪಿನ್ನು ಚುಚ್ಚಿದರೆ ಹಚ್ಚಲು ಮುಲಾಮು. ಇಂಥವಳ ಮೂಗನ್ನು ಅವರು ಯಾಕೆ ಆರಿಸಿಕೊಂಡರೋ ಆಗ ತಿಳಿಯಲಿಲ್ಲ. ವಯಸ್ಸಾದ ಮೇಲೆ ಬಂದ ಷೋಕಿ, ಹೊಗಳಿಸಿಕೊಳ್ಳಬೇಕು ಅನ್ನಿಸುತ್ತದೆ ಪಾಪ, ಅಂದುಕೊಂಡೆ.

ಅದು ಅವರು ಶಿವಮೊಗ್ಗದ ಅಂಗಡಿಯಿಂದ ತರುತ್ತಿದ್ದ ಸೆಂಟು. ಬಹಳ ವರ್ಷಗಳಿಂದ ಅದೊಂದೇ. ಕಷ್ಟಪಟ್ಟು ನಾನು ಅದನ್ನು ಓದಲು ಕಲಿತೆ. ಶಿಕಾರಿಪುರದಲ್ಲಿ ಹತ್ತುವಾಗ ಅದು ಹೂವೇ ಅಲ್ಲ. ಕಿತ್ತಳೆ ಸಿಪ್ಪೆ ಮಡಚಿದಾಗ ಕಣ್ಣಿಗೆ ಸಿಡಿಯುತ್ತದಲ್ಲ, ಆ ಚುರುಕು. ಜೊತೆಗೆ ಸೂಜಿ ಚುಚ್ಚುವ ಮೊದಲು ಹತ್ತಿಯಲ್ಲಿ ಒರೆಸುವ ಸ್ಪಿರಿಟ್ಟಿನ ತಣ್ಣಗಿನ ವಾಸನೆ. ಶಿರಾಳಕೊಪ್ಪ ಹತ್ತಿರವಾದಾಗ ಸ್ಪಿರಿಟ್ಟು ಹಾರಿಹೋಗಿ ಬಿಳಿ ಹೂವು ಬರುತ್ತಿತ್ತು. ಮಲ್ಲಿಗೆ ಅನ್ನೋಣವೆಂದರೆ ಅಷ್ಟು ತೇವವಿಲ್ಲ, ಒಣಗಿಸಿ ಪೋಣಿಸಿದ ಸುರಗಿಯ ಹಾಗೆ ಬೆಚ್ಚಗೆ. ಸೊರಬ ಬರುವ ಹೊತ್ತಿಗೆ ಹೂವು ಕರಗಿ ಜೇನು. ಅಂಗಡಿ ಬಾಟಲಿಯ ಸಕ್ಕರೆ ಜೇನಲ್ಲ, ಮರದ ಪೊಟರೆಯ ಹುಟ್ಟು ಹಿಂಡಿದ ತುಡುವೆ ಜೇನು. ಗಂಟಲಲ್ಲಿ ಒಂಚೂರು ಕೆರೆಯುವಂಥದ್ದು. ಸಂಜೆ ವಾಪಸು ಬರುವಾಗ ಅದೂ ಇಳಿದು, ಪೆಟ್ಟಿಗೆಯಿಂದ ತೆಗೆದ ರೇಷ್ಮೆ ಸೀರೆಯ ಮಡಿಕೆ, ಅದರೊಳಗೆ ಸ್ವಲ್ಪ ಬೆಲ್ಲ. ಆಮೇಲೆ ಸೆಂಟು ಯಾವುದು, ಅಕ್ಕೋರು ಯಾವುದು ಅಂತ ಬೇರೆ ಮಾಡಲು ಆಗುತ್ತಿರಲಿಲ್ಲ.

ಒಂದು ದಿನ ನನ್ನ ಕೈಗೂ ಹಾಕಿದರು. ಅರ್ಧ ದಾರಿಗೆ ನಾನೇ ಮೂಸಿ ಬೆಚ್ಚಿಬಿದ್ದೆ. ಹೂವು ಬರಲೇ ಇಲ್ಲ. ಕಿತ್ತಳೆಯಿಂದ ನೇರ ಹುಳಿಬಂದ ಕಲ್ಲಂಗಡಿಗೆ ಹಾರಿತ್ತು.

"ಅಕ್ಕೋರೆ, ನನಗೇನೋ ಕಾಯಿಲೆ ಇರಬೇಕು."

"ನಿನಗೆ ಇರೋದು ಯೋಚನೆ. ಹೂವು ಅರಳೋ ಮೊದ್ಲೇ ಬಾಡೋದನ್ನ ನೆನೆಸ್ಕೊಂಡು ಕೂತರೆ ಅದಾದ್ರೂ ಎಂಥ ಮಾಡುತ್ತೆ?" ಎಂದು ನಕ್ಕು, "ಒಬ್ಬೊಬ್ಬರ ಚರ್ಮದ ಮೇಲೆ ಒಂದೊಂದು ಥರ ಕಣೇ. ರಕ್ತದ ಬಿಸಿ, ಬೆವರು, ತಿಂದಿದ್ದು, ಎಲ್ಲಾ ಸೇರ್ಕೊಳ್ಳುತ್ತೆ" ಅಂದರು.

ಈಗ ನೆನೆದರೆ ಎಷ್ಟೊಂದು ಸುಳಿವುಗಳಿದ್ದವು! ಕೆಲವು ದಿನ ಸೆಂಟು ವಿಪರೀತವಾಗಿ, "ಏನ್ರೀ ಅಕ್ಕೋರೆ, ಬಸ್ಸಿಗೆ ಮದುವಿ ದಿಬ್ಬಣ ಹತ್ತಿದಂಗ ಐತಿ" ಅಂತ ಕಂಡಕ್ಟರು ಛೇಡಿಸುತ್ತಿದ್ದ. ಒಮ್ಮೆ ನನ್ನ ಡಬ್ಬಿಯ ಪಲ್ಯ ಹಳಸಿದ್ದು ನಾನು ಮುಚ್ಚಳ ತೆಗೆದ ಕೂಡಲೇ ಗೊತ್ತಾಯಿತು. ಅಷ್ಟರಲ್ಲಿ ಅವರು ಒಂದು ತುತ್ತು ಬಾಯಿಗಿಟ್ಟು ಸುಮ್ಮನೆ ನುಂಗಿದ್ದರು. ನನ್ನ ಮರ್ಯಾದೆ ಉಳಿಸಲು ನುಂಗಿದರು ಅಂತ ನಾನು ಎರಡು ದಿನ ಭಾವುಕಳಾಗಿದ್ದೆ.

ಆಮೇಲೆ ಆ ಸೋಮವಾರ ಬಂತು. ರಜೆಗೆ ಕ್ಯಾಸನೂರಿನ ತವರಿಗೆ ಹೋಗಿ ಹಿಂದಿನ ಸಂಜೆಯಷ್ಟೇ ಬಂದಿದ್ದರು. ಬಸ್ಸು ಹೊರಟಿತು, ಬಳೆ ಮೇಲೆ ಹೋಯಿತು, ಕೈ ಬಂತು. ಮೂಸಿದೆ. ಕಿತ್ತಳೆ ಇಲ್ಲ, ಹೂವಿಲ್ಲ. ಎಣ್ಣೆಯ ಜಿಡ್ಡು, ಆಸ್ಪತ್ರೆಯ ಕಾರಿಡಾರಿನಂಥ ಘಾಟು. ಮೈಯ ವಾಸನೆ ಬದಲಾದರೆ ಲಿವರ್ ಕೈಕೊಟ್ಟಿದೆ ಅಂತ ಆ ವಾರವೇ ಮೊಬೈಲಿನಲ್ಲಿ ಓದಿದ್ದೆ.

"ಎಂಥಾಯ್ತೇ? ಕಿತ್ತಳೆ ಇದ್ಯಲ್ಲ?" ಅವರ ಮುಖದಲ್ಲಿ ದಿನದ ನಗು ಹಾಗೇ ಇತ್ತು.

"ಅಕ್ಕೋರೆ, ಇದು... ಮಂಗನ ಕಾಯಿಲೆ ಎಣ್ಣೆ ಅಲ್ವಾ?"

ಕಾಡಿಗೆ ಹೋಗುವವರು ಆ ಕಾಯಿಲೆ ಹರಡುವ ಉಣುಗು ಕಚ್ಚದ ಹಾಗೆ ಮೈಗೆ ಹಚ್ಚಿಕೊಳ್ಳಲಿ ಅಂತ ಆ ಕಡೆ ಹಂಚುವ ಎಣ್ಣೆ ಅದು. ಕೊರೊನಾ ಕಾಲದ ಖಾಲಿ ಸ್ಯಾನಿಟೈಸರ್ ಬಾಟಲಿಗಳು ಅವರ ಮನೆಯಲ್ಲಿ ರಾಶಿ ಇದ್ದವು. ಸೆಂಟನ್ನೂ ಒಂದಕ್ಕೆ ಬಗ್ಗಿಸಿಕೊಂಡು ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ತವರಿನಲ್ಲಿ ತೋಟಕ್ಕೆ ಹೋಗುವಾಗ ಬೇಕೆಂದು ಎಣ್ಣೆಯನ್ನೂ ಅಂಥದ್ದೇ ಒಂದಕ್ಕೆ ತುಂಬಿದ್ದರು. ಬೆಳಗಿನ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಮಣಿಕಟ್ಟಿಗೂ ಕುತ್ತಿಗೆಗೂ ಹಾಕಿಕೊಂಡು ಬಂದಿದ್ದರು. ತಪ್ಪು ಯಾರಿಗಾದರೂ ಆಗಬಹುದು. ಆದರೆ ಆ ಘಾಟನ್ನು ಮನೆಯಿಂದ ನಿಲ್ದಾಣದ ತನಕ ಮೈಮೇಲೆ ಹೊತ್ತು ಬಂದು, ನಗುನಗುತ್ತಾ ಕಿತ್ತಳೆ ಇದೆಯಾ ಅಂತ ಕೇಳುವುದು?

ಅವರು ನಿಧಾನಕ್ಕೆ ಬಳೆಗಳನ್ನು ಕೆಳಗಿಳಿಸಿದರು.

"ನಂಗೆ ವಾಸನೆ ಬರಲ್ಲ ಕಣೇ. ಎರಡನೇ ಅಲೆಯಲ್ಲಿ ಜ್ವರ ಬಂತಲ್ಲ, ಆವಾಗ ಹೋಗಿದ್ದು. ಎಲ್ಲರದ್ದೂ ವಾಪಸ್ ಬಂತು. ನಂದು ಬರ್ಲೇ ಇಲ್ಲ."

ಸುರಗಿ, ತುಡುವೆ ಜೇನು, ರೇಷ್ಮೆಯ ಮಡಿಕೆ, ಇದೆಲ್ಲ ನಾವಿಬ್ಬರೂ ಸೇರಿ ಮೂಸಿದ್ದು ಅಂದುಕೊಂಡಿದ್ದೆ. ಆ ಬಸ್ಸಿನಲ್ಲಿ ಮೂಗಿದ್ದದ್ದು ನನಗೊಬ್ಬಳಿಗೇ.

"ಯಾರಿಗೂ ಹೇಳಿಲ್ವಾ?"

"ಹೇಳಿ ಎಂಥ ಮಾಡೋದು? ಕೈ ಮುರೀತು ಅಂದ್ರೆ ಜನ ಅಯ್ಯೋ ಅಂತಾರೆ. ವಾಸನೆ ಹೋಯ್ತು ಅಂದ್ರೆ, ಒಳ್ಳೇದಾಯ್ತು ಬಿಡ್ರೀ, ನಮ್ಮ ಬಸ್ ಸ್ಟ್ಯಾಂಡಿಗೆ ಮೂಗು ಯಾಕೆ ಬೇಕು ಅಂತಾರೆ. ಮನೆಯಲ್ಲಿ ನಮ್ಮ ಯಜಮಾನರಿಗೊಬ್ಬರಿಗೆ ಗೊತ್ತು. ಇವರ ಕೈಲಿ ಕೇಳಿದ್ರೆ, ವಾಸನೆ ಇದೆ ಅಂತಾರೆ, ಅಷ್ಟೇ." ಬಳೆಗಳನ್ನು ಒಂದೊಂದಾಗಿ ತಿರುಗಿಸುತ್ತಾ ಹೇಳಿದರು: "ಮೊದಲು ಕಣ್ಣು ಮುಚ್ಚಿದ್ರೆ ಆ ಜೇನು ಬರ್ತಿತ್ತು. ಈಗ ಜೇನು ಅನ್ನೋ ಶಬ್ದ ಮಾತ್ರ ಬರುತ್ತೆ. ಅದೂ ಅಳಿಸಿಹೋದ್ರೆ, ಒಂದಿನ ಮೂಗು ವಾಪಸ್ ಬಂದ್ರೂ ನಂಗೆ ಗುರ್ತು ಹತ್ತಬೇಕಲ್ಲ? ಅದಕ್ಕೇ ನಿನ್ನ ಕೇಳೋದು."

ಎಲ್ಲದಕ್ಕೂ ಹೆದರುವ ನನಗೆ ಇಂಥದ್ದೊಂದು ಹೆದರಿಕೆ ಇರಬಹುದು ಅಂತಲೇ ಹೊಳೆದಿರಲಿಲ್ಲ. ಅವತ್ತಿನಿಂದ ನಾನು ಪರೀಕ್ಷೆಗೆ ಕೂತವಳಂತೆ ಮೂಸತೊಡಗಿದೆ. ಶಿವಮೊಗ್ಗದ ಮೂಗಿನ ಡಾಕ್ಟರೂ ಅದನ್ನೇ ಹೇಳಿದ್ದರಂತೆ: ಗೊತ್ತಿದ್ದ ವಾಸನೆಯನ್ನೇ ದಿನವೂ ಮೂಸಿ, ಮೂಸುವಾಗ ಅದನ್ನು ಮನಸ್ಸಿಗೆ ತಂದುಕೊಳ್ಳಿ, ಬಂದರೆ ಬರಬಹುದು. ಹಾಗಾಗಿ ಇಬ್ಬರೂ ಸರದಿಯಲ್ಲಿ ಒಂದೇ ಮಣಿಕಟ್ಟನ್ನು ಮೂಸುತ್ತಾ ಹೋಗುವ ದೃಶ್ಯವನ್ನು ಆ ಬಸ್ಸಿನವರು ಬಹುಕಾಲ ಸಹಿಸಿಕೊಂಡರು. ಪಕ್ಕದ ಸೀಟಿನ ಅಜ್ಜಿಯೊಬ್ಬಳು, "ಎಂಥ ಕಚ್ಚಿತ್ರೇ ಅಮ್ಮ, ಇಬ್ಬರೂ ಕೈ ನೆಕ್ತೀರಿ?" ಅಂತ ಕೇಳಿದ್ದೂ ಉಂಟು.

ಒಂದು ಬೆಳಗ್ಗೆ ಶಿರಾಳಕೊಪ್ಪ ದಾಟಿದ ಮೇಲೆ ಅವರು ಕೈಯನ್ನು ಮೂಗಿಗೆ ಒಯ್ದವರೇ ಕಿಟಾರನೆ ಕಿರುಚಿಬಿಟ್ಟರು. ಡ್ರೈವರು ಬ್ರೇಕು ಒತ್ತಿದ. ನಾನು ಬ್ಯಾಗಿನಿಂದ ಯಾವ ಮಾತ್ರೆ ತೆಗೆಯಬೇಕೆಂದು ತಿಳಿಯದೆ ಎಲ್ಲವನ್ನೂ ತೆಗೆದೆ.

"ಬಂತು ಕಣೇ! ವಾಸನೆ ಬಂತು!"

"ಹೂವಾ? ಜೇನಾ?"

"ಚರಂಡಿ!" ಅಂದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗು ತಡೆಯಲಾಗುತ್ತಿರಲಿಲ್ಲ. "ಸತ್ತ ಹೆಗ್ಗಣ ಬಿದ್ದ ಚರಂಡಿ ಮಾರಾಯ್ತಿ! ಅಬ್ಬಾ, ಏನು ನಾತ!"

ಮೂಗು ವಾಪಸು ಬರುವಾಗ ಹಾಗೆ ಅಡ್ಡಾದಿಡ್ಡಿ ಬರುತ್ತದೆ ಅಂತ ಡಾಕ್ಟರು ಹೇಳಿದರಂತೆ. ಆದರೆ ಆ ಚರಂಡಿ ವಾರಗಟ್ಟಲೆ ಹೋಗಲಿಲ್ಲ. ಅದೇ ಸೆಂಟು ಹಾಕಿದರೆ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಬಿಟ್ಟುಬಿಡಿ ಅಕ್ಕೋರೆ, ಬೇರೆ ಏನಾದರೂ ಮೂಸಿ ಅಂದೆ. ಬಿಡಲಿಲ್ಲ. ಮೂಗಿಗೆ ಕರ್ಚೀಫು ಒತ್ತಿಕೊಂಡು, ಇನ್ನೊಂದು ಕೈಯನ್ನು ನನ್ನತ್ತ ಚಾಚಿ, "ನೀ ಹೇಳು. ಈಗ ಜೇನು ಹೌದಲ್ಲ?" ಅನ್ನುತ್ತಿದ್ದರು. ಹೌದು ಅಕ್ಕೋರೆ, ಜೇನೇ, ಅನ್ನುತ್ತಿದ್ದೆ. ತಮ್ಮ ಮೂಗು ಸುಳ್ಳು ಹೇಳುತ್ತಿದೆ, ನನ್ನದು ನಿಜ ಹೇಳುತ್ತಿದೆ ಅಂತ ನಂಬಿ ಅವರು ತಿಂಗಳುಗಟ್ಟಲೆ ಆ ನಾತವನ್ನು ಹಾಕಿಕೊಂಡು ಬಂದರು. ನನ್ನನ್ನು ಅಷ್ಟು ನಂಬಿದವರು ಇನ್ನೊಬ್ಬರಿಲ್ಲ. ಒಲೆ ಆರಿಸಿದ್ದೇನೆ ಅಂತ ನಾನೇ ನನ್ನನ್ನು ನಂಬುವುದಿಲ್ಲ.

ಹೀಗೇ ಒಂದು ದಿನ, ಸೊರಬ ಇನ್ನೇನು ಬಂತು ಅನ್ನುವಾಗ, ಅವರು ನನ್ನನ್ನು ಏನೂ ಕೇಳಿರಲಿಲ್ಲ ಅಂತ ಗಮನಕ್ಕೆ ಬಂತು. ಕರ್ಚೀಫು ಮಡಿಲಲ್ಲಿ ಬಿದ್ದಿತ್ತು. ಕಣ್ಣು ಮುಚ್ಚಿ ಮಣಿಕಟ್ಟನ್ನು ಮೂಗಿಗೆ ಒತ್ತಿಕೊಂಡಿದ್ದರು. ನಾನು ಕೈ ಚಾಚಿದರೆ ಕೊಡಲಿಲ್ಲ. ಜನ ಇಳಿಯತೊಡಗಿದರೂ ಏಳಲಿಲ್ಲ.

"ನೀ ಹೇಳಿದ್ದು ಪೂರ್ತಿ ಸರಿ ಇಲ್ಲ ಕಣೇ," ಅಂದರು ಕೊನೆಗೆ. "ಬರೀ ಜೇನಲ್ಲ ಇದು. ಜೇನುಮೇಣ ಇದೆ. ಹಿಂದುಗಡೆ ಎಲ್ಲೋ ಸ್ವಲ್ಪ ಹೊಗೆ ಇದೆ. ಅದನ್ನ ನೀನು ಒಂದಿನಾನೂ ಹೇಳಲೇ ಇಲ್ಲ."

ಮೂಸಿ ನೋಡಿದೆ. ಇತ್ತು. ದಿನವೂ ಇದ್ದಿರಬೇಕು. ಬಸ್ ನಿಲ್ದಾಣದಲ್ಲಿ ನಿಂತು ನಾವಿಬ್ಬರೂ ಹುಚ್ಚರಂತೆ ನಕ್ಕೆವು. ಆ ದಿನ ಇಬ್ಬರೂ ಶಾಲೆಗೆ ತಡ.

ಅದಾಗಿ ತಿಂಗಳೂ ತುಂಬಿರಲಿಲ್ಲ. ಬೆಳಗ್ಗೆ ಬಸ್ಸಿಗೆ ಅವರು ಬರಲಿಲ್ಲ. ರಜೆ ಹಾಕಿರಬೇಕು ಅಂದುಕೊಂಡು ಹತ್ತಿ ಕೂತೆ. ಯಾವತ್ತೂ ಕೆಟ್ಟದ್ದನ್ನೇ ಮೊದಲು ಯೋಚಿಸುವ ನನಗೆ ಆ ದಿನ ಕೆಟ್ಟದ್ದೇನೂ ಹೊಳೆಯಲಿಲ್ಲ. ಊರ ಹೊರಗಿನ ಪೆಟ್ರೋಲ್ ಬಂಕಿನ ಹತ್ತಿರ ಫೋನು ಬಂತು. ಹಲ್ಲುಜ್ಜಲು ಎದ್ದವರು ಬಚ್ಚಲ ಬಾಗಿಲಲ್ಲೇ ಕುಸಿದಿದ್ದರು. ಹೃದಯ. ಆಸ್ಪತ್ರೆಗೆ ಒಯ್ಯುವಷ್ಟೂ ಪುರುಸೊತ್ತು ಕೊಡಲಿಲ್ಲ. ಬಸ್ಸು ನಿಲ್ಲಿಸಿ ಇಳಿದು ನಡೆದೆ. ನಡೆದದ್ದು ನೆನಪಿಲ್ಲ.

ಪಡಸಾಲೆಯಲ್ಲಿ ಮಲಗಿಸಿದ್ದರು. ಕ್ಯಾಸನೂರಿನಿಂದ ಅಕ್ಕೋರ ಅಣ್ಣ ಬರಬೇಕಿತ್ತು. ಅವರ ಯಜಮಾನರು, ಯಾವತ್ತೂ ಹೆಚ್ಚು ಮಾತಾಡದವರು, ನನ್ನನ್ನು ಕಂಡವರೇ ಒಳಗೆ ಹೋಗಿ ಸೆಂಟಿನ ಬಾಟಲಿ ತಂದು ಕೈಗಿಟ್ಟರು.

"ಎಲ್ಲಿಗೆ, ಎಷ್ಟು ಅಂತ ನಿಮಗೆ ಗೊತ್ತಲ್ಲ. ನೀವೇ ಹಾಕಿ."

ಹಾಕಿದೆ. ಕೈ ಹಿಡಿದುಕೊಂಡೇ ಕೂತೆ. ಜನ ಬಂದರು, ಅತ್ತರು, ಹೋದರು. ಬಾಗಿ ಮೂಸಿದೆ: ಕಿತ್ತಳೆ. ಬಹಳ ಹೊತ್ತು ಬಿಟ್ಟು ಮತ್ತೆ ಬಾಗಿದೆ: ಇನ್ನೂ ಕಿತ್ತಳೆಯೇ. ಬಸ್ಸಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಸೊರಬ ಬಂದು ಜೇನು ಬಂದಿರುತ್ತಿತ್ತು. ಈ ತಣ್ಣನೆ ಕೈಯಲ್ಲಿ ಹೂವೂ ಬಂದಿರಲಿಲ್ಲ. ಸತ್ತಿದ್ದಾರೆ ಅಂತ ಬೆಳಗಿನಿಂದ ಎಲ್ಲರೂ ಹೇಳುತ್ತಿದ್ದರು. ನನಗೆ ಅದು ತಿಳಿದದ್ದು ಆಗ.

ಯಜಮಾನರು ಪಕ್ಕದಲ್ಲಿ ಬಂದು ಕೂತರು. ಮೆಲ್ಲಗೆ ಕೇಳಿದರು, "ಜೇನು ಬಂತಾ?"

ಅವರಿಗೆ ಸುಳ್ಳು ಹೇಳಬಹುದಿತ್ತು. ಅಕ್ಕೋರು ನನ್ನ ಬಾಯಿಗೆ ಆ ಅಭ್ಯಾಸ ಉಳಿಸಿರಲಿಲ್ಲ.

"ಇಲ್ಲ. ಬರ್ತಾ ಇಲ್ಲ."

ಅವರು ನನ್ನ ಕೈಯಿಂದ ಆ ಕೈ ತೆಗೆದುಕೊಂಡರು. ಚಳಿಯಲ್ಲಿ ಮಕ್ಕಳ ಕೈ ಬೆಚ್ಚಗೆ ಮಾಡುವ ಹಾಗೆ ಎರಡೂ ಅಂಗೈಗಳ ನಡುವೆ ಇಟ್ಟು ಮೆಲ್ಲಗೆ ಉಜ್ಜತೊಡಗಿದರು. ಯಾರೋ ಹೆಂಗಸು "ಬಿಡಿ ಅಣ್ಣಾ" ಅಂದರು. ಬಿಡಲಿಲ್ಲ. ಹೊರಗೆ ಕ್ಯಾಸನೂರಿನವರ ಕಾರು ಬಂದು ನಿಂತ ಸದ್ದಾಯಿತು. ಆಗ ಎದ್ದರು. ಅವರ ಅಂಗೈ ನನ್ನ ಮುಖದ ಪಕ್ಕದಿಂದ ಹಾದುಹೋಯಿತು. ನಾನು ಅವರ ಮುಂಗೈ ಹಿಡಿದು ನಿಲ್ಲಿಸಿಬಿಟ್ಟೆ.

"ನಿಮ್ಮ ಕೈ ಮೂಸಿ ನೋಡಿ" ಅಂದೆ. "ಸ್ವಲ್ಪ ಒರಟಾಗಿದೆ. ಹೊಗೆ ಜಾಸ್ತಿ. ಆದರೆ ಜೇನು ಬಂದಿದೆ."

ಅವರು ಎರಡೂ ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡು ಅಲ್ಲೇ ನಿಂತರು.